ವಶೀಲಿ ಮಾರಿದ ಬೇಸಿಗೆ

ಆಗಿನ ಬೇಸಿಗೆಗೆ ಒಂದು ವಾಸನೆ ಇತ್ತು. ದಿನಗಟ್ಟಲೆ ನೆನೆದ ಗೋಧಿಯ ಹುಳಿ ವಾಸನೆ. ಯೆರವಡಾದ ನಮ್ಮ ಚಾಳಿನಲ್ಲಿ ಮಕ್ಕಳ ಪರೀಕ್ಷೆ ಮುಗಿಯುವುದೇ ತಡ, ಮನೆಮನೆಯಲ್ಲೂ ಗೋಧಿ ನೆನೆಹಾಕಿ, ರುಬ್ಬಿ, ಹಾಲು ಹಿಂಡಿ, ಅದನ್ನು ಬೇಯಿಸಿ ಗಟ್ಟಿ ಮಾಡಿ, ಕುರಡಗಿ ಒತ್ತುವ ಗದ್ದಲ. ಕರಿದರೆ ಹೂವಿನಂತೆ ಅರಳುವ ಆ ಎಳೆಎಳೆಯ ಸಂಡಿಗೆಯನ್ನು ಮರಾಠಿಯವರೂ ಮಾಡುತ್ತಿದ್ದರು, ವಿಜಾಪುರದ ಕಡೆಯಿಂದ ಬಂದ ನಾವೂ ಮಾಡುತ್ತಿದ್ದೆವು. ಒತ್ತಿದವರಿಗೆ ಗೊತ್ತು, ಹಿಟ್ಟು ಆರುವ ಮೊದಲೇ ಒತ್ತಬೇಕು. ಅಂಗೈ ಸುಡುತ್ತದೆ, ಆದರೂ ಬಿಡುವಂತಿಲ್ಲ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ನಾನು ಏಳನೆಯ ಇಯತ್ತೆ ಮುಗಿಸಿದ್ದೆ. ಮಾಳಿಗೆಯ ಮೇಲೆ ಅವ್ವನ ಹಳೇ ಸೀರೆ ಹಾಸಿಕೊಂಡು, ಹಿತ್ತಾಳೆಯ ಅಚ್ಚಿನಲ್ಲಿ ಕುರಡಗಿ ಒತ್ತುತ್ತ ಕೂತಿದ್ದೆ. ಪಕ್ಕದ ಮನೆಯ ಶೇವಂತಾಬಾಯಿ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ನಿಂತಳು.

"ಸುಮೇ, ನಿಮ್ಮವ್ವ ಎಲ್ಲಿ?"

"ಗಿರಣಿಗೆ ಹೋಗ್ಯಾಳ್ರಿ."

"ನಿಮ್ಮ ಶಿವೂನ್ನ ಯಾವನೋ ಬಾಳ್ಯಾ ಅನ್ನಾವ ಹೊಡ್ಯಾಕತ್ತಾನ. ಕಂಪ್ಯೂಟರ್ ಅಂಗಡ್ಯಾಗ. ರಕ್ತ ಬರಾಕತ್ತೈತಿ ಅಂತ."

ಅಚ್ಚು ಕೆಳಗಿಡಲು ನನಗೆ ತೋಚಲಿಲ್ಲ. ಅದನ್ನು ಹಿಡಿದುಕೊಂಡೇ ಓಡಿದೆ.

ನನ್ನ ಅಣ್ಣ ಶಿವಾನಂದ ಯಾರ ತಂಟೆಗೂ ಹೋಗುವವನಲ್ಲ. ಅವನು ಏಟು ತಿನ್ನುತ್ತಿದ್ದದ್ದು ಆಟದಲ್ಲಿ ಮಾತ್ರ. ಆ ಆಟದ ಸಂಗತಿ ಹೇಳದೆ ಈ ಹೊಡೆತದ ಸಂಗತಿ ಹೇಳಲು ಬರುವುದಿಲ್ಲ.

ನಮ್ಮ ಓಣಿಯ ತುದಿಗೆ ಒಂದು ಇಂಟರ್ನೆಟ್ ಅಂಗಡಿ ಇತ್ತು. ಮಾಲಕನನ್ನು ಎಲ್ಲರೂ ಮಾಮಾ ಎನ್ನುತ್ತಿದ್ದೆವು. ಅವನ ತಮ್ಮ ಹೊರದೇಶದಲ್ಲಿದ್ದ. ಆ ತಮ್ಮನ ಕ್ರೆಡಿಟ್ ಕಾರ್ಡಿನ ಮೇಲೆ ಒಂದು ಅಮೆರಿಕದ ಆಟಕ್ಕೆ ಎರಡು ಖಾತೆ ತೆಗೆದಿದ್ದರು. ಆಟವೆಂದರೆ ಒಂದು ದೊಡ್ಡ ಪಟ್ಟಣ. ಓಣಿಓಣಿಗೂ ಗೂಂಡಾಗಳು, ರಾಕ್ಷಸರು, ಸತ್ತೆದ್ದು ಬಂದವರು. ನಾವು ಅಲ್ಲಿ ಹೀರೋಗಳು, ಹಾರುವವರು, ಬೆಂಕಿ ಉಗುಳುವವರು. ಅಣ್ಣನ ಹೀರೋ ಬಂಡೆಯಂಥ ಮೈಯವನು, ಹೆಸರು ಗುಂಡಪ್ಪ. ನನ್ನವಳಿಗೆ ನಾನು ಮೈಲಾರಿ ಎಂದು ಹೆಸರಿಟ್ಟಿದ್ದೆ. ಜೇಜುರಿಯ ಖಂಡೋಬನೇ ನಮ್ಮ ಮನೆದೇವರು ಮೈಲಾರಲಿಂಗ. ಅದಕ್ಕೇ ಅವಳಿಗೆ ತಲೆಯಿಂದ ಕಾಲಿನವರೆಗೆ ಭಂಡಾರದ ಹಳದಿ ಬಣ್ಣ ಹಾಕಿಸಿದ್ದೆ. ಆಡುವ ಮೊದಲು ಕೀಬೋರ್ಡ್ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ಹುಡುಗರು ನಗುತ್ತಿದ್ದರು.

ನಮ್ಮ ಕೆಲಸ ಹೀಗೆ. ಗುಂಡಪ್ಪ ಗೋದಾಮಿನೊಳಗೆ ಓಡಿ ಹೋಗುವುದು, ಎಲ್ಲ ಗೂಂಡಾಗಳನ್ನೂ ಕೆಣಕಿ ಬೆನ್ನು ಹತ್ತಿಸಿಕೊಂಡು ಬರುವುದು. ಗೋಡೆಯ ಮೂಲೆ ತಿರುಗಿ ನಿಂತುಬಿಡುವುದು. ಗುಂಡು, ಲಾಠಿ, ಚಾಕು, ಎಲ್ಲವನ್ನೂ ಅವನೊಬ್ಬನೇ ತಿನ್ನುವುದು. ಅವರೆಲ್ಲ ಒಂದೇ ಕಡೆ ಮುತ್ತಿಕೊಂಡಾಗ, ಮೂಲೆಯ ಹಿಂದೆ ಅಡಗಿದ ನಾನು "ಏಳುಕೋಟಿಗೋ" ಎಂದು ಮೈಲಾರನ ಜಯಕಾರ ಹಾಕಿ ಬೆಂಕಿ ಸುರಿಯುವುದು. ಹತ್ತಿ ಉರಿದವರು ಕೈಕಾಲು ಬಡಿಯುತ್ತ, ಗೋಡೆಗೆ ಅಪ್ಪಳಿಸಿ, ಲಾರಿಯಿಂದ ಚೀಲ ಇಳಿಸಿದಂತೆ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಅದನ್ನು ನೋಡಲು ನನಗೆ ಹೆದರಿಕೆ ಆಗುತ್ತಿರಲಿಲ್ಲ. ಮಣಿ-ಮಲ್ಲ ರಾಕ್ಷಸರನ್ನು ಕೊಂದ ದೇವರ ಮನೆತನದವಳು ನಾನು, ಖುಷಿಯೇ ಆಗುತ್ತಿತ್ತು. ದೊಡ್ಡ ಖಳನಾಯಕನ ತಂಟೆಗೆ ಹೋಗುತ್ತಿರಲಿಲ್ಲ. ಅವನನ್ನು ಕೆಡವಲು ಹೊತ್ತು ಬಹಳ, ಗಳಿಕೆ ಕಡಿಮೆ. ಕೆಲಸ ಪೂರ್ತಿ ಮುಗಿಸದೆ ಹೊರಗೆ ಬಂದು, ಅದೇ ಗೋದಾಮನ್ನು ಮತ್ತೆ ಹೊಸದಾಗಿ ತುಂಬಿಸಿಕೊಂಡು, ಮತ್ತೆ ಸುಡುತ್ತಿದ್ದೆವು.

ಹಾಗೆ ಕೆಡವಿದವರಿಂದ ರೊಕ್ಕ ಸಿಗುತ್ತಿರಲಿಲ್ಲ. ಹೀರೋ ಆದವನು ರೊಕ್ಕ ಮುಟ್ಟಬಾರದು ಎಂದು ಆ ಆಟದವರ ನಿಯಮ. ಅದರ ಬದಲು 'ಇನ್‌ಫ್ಲುಯೆನ್ಸ್' ಸಿಗುತ್ತಿತ್ತು. ಒಳ್ಳೆಯ ಕೆಲಸ ಮಾಡಿದವನಿಗೆ ಊರಲ್ಲಿ ಮಾತು ನಡೆಯುತ್ತದಲ್ಲ, ಅದು. ಅದರಿಂದಲೇ ಅಂಗಡಿಯಲ್ಲಿ ಸಾಮಾನು ಕೊಳ್ಳುವುದು. ಹಾಗಂದರೇನು ಎಂದು ನಾವು ಕೇಳಿದಾಗ ಮಾಮಾ ತಂಬಾಕು ತಿಕ್ಕುತ್ತ, "ವಶಿಲಾ, ಅಷ್ಟೇ" ಅಂದ. ನಮ್ಮ ಮನೆಯಲ್ಲಿ ವಶೀಲಿ, ಅವರಲ್ಲಿ ವಶಿಲಾ, ಎರಡೂ ಒಂದೇ. ಅವತ್ತಿನಿಂದ ಆ ಅಂಗಡಿಯಲ್ಲಿ ಅದಕ್ಕೆ ಬೇರೆ ಹೆಸರೇ ಇರಲಿಲ್ಲ.

ಆಟದ ಸಂತೆಯಲ್ಲಿ ನನ್ನ ಕೈ ಜೋರಿತ್ತು. ಅವ್ವನ ಜೊತೆ ಬಾಜಾರಕ್ಕೆ ಹೋಗಿ ಕಲಿತದ್ದು: ಗಿರಾಕಿ ಇಲ್ಲದಾಗ ಕೊಳ್ಳಬೇಕು, ಮುಗಿಬಿದ್ದಾಗ ಮಾರಬೇಕು. ನಮ್ಮ ಮಧ್ಯಾಹ್ನ ಅಮೆರಿಕದವರೆಲ್ಲ ಮಲಗಿರುತ್ತಿದ್ದರು. ಆಗ ಅಗ್ಗದಲ್ಲಿ ಹಿಡಿದ ಸಾಮಾನನ್ನು ಮರುದಿನ ಬೆಳಿಗ್ಗೆ, ಅವರಿಗೆ ಸಂಜೆಯಾಗಿ ಆಟಕ್ಕೆ ಕೂತಾಗ, ಮಾರುತ್ತಿದ್ದೆ. ನಮ್ಮ ವಶೀಲಿ ಕೋಟಿ ದಾಟಿತು. ಅದೇ ಆಟ ಆಡುವ, ಬೈಕಿನಲ್ಲಿ ಬರುವ ಕಾಲೇಜು ಹುಡುಗರು ರೊಕ್ಕ ಕೊಟ್ಟು ಅಣ್ಣನ ಹತ್ತಿರ ಅದನ್ನು ಕೊಳ್ಳತೊಡಗಿದರು. ಬಂದ ರೊಕ್ಕ ಮತ್ತೆ ಮಾಮಾನ ಗಲ್ಲೆಗೇ ಹೋಗುತ್ತಿತ್ತು. ಮಾಮಾ ಚೇಷ್ಟೆಯ ಮನುಷ್ಯ. ಒಂದು ರಟ್ಟಿನ ಮೇಲೆ ಮರಾಠಿಯಲ್ಲಿ ದಪ್ಪಗೆ ಬರೆದು ಬಾಗಿಲಿಗೆ ತೂಗುಹಾಕಿದ: "ಇಲ್ಲಿ ವಶಿಲಾ ಸಿಗುತ್ತದೆ. ಶಿವೂನನ್ನು ಕೇಳಿ."

ಹಾದಿಯಲ್ಲಿ ಹೋಗುವವರಿಗೆ ಅದು ಏನೆಂದು ಅರ್ಥವಾದೀತು ಎಂದು ಯಾರಿಗೂ ಹೊಳೆಯಲಿಲ್ಲ.

ಬಾಳು ಅಂಗಡಿಯ ಆಚೆ ಬದಿಯ ವಸ್ತಿಯವನು, ಟೆಂಪೋ ಓಡಿಸುತ್ತಿದ್ದ. ಹಿಂದಿನ ದಿನ ಬಂದು ಆ ರಟ್ಟು ಓದಿ, ಅಣ್ಣನನ್ನು ಹೊರಗೆ ಕರೆದಿದ್ದನಂತೆ.

"ಶಿವೂ ನೀನೇ ಏನು? ಕಾರಕೂನ ಸಾಹೇಬರ ಮಗ?"

"ಹೌದು, ದಾದಾ."

"ನನ್ನ ತಮ್ಮನ ಸಲುವಾಗಿ ವಶಿಲಾ ಬೇಕು."

"ಕೊಡೋಣ. ನಾಳೆ ಬಾ, ಒಂದಿಷ್ಟು ಕೂಡಿಸಬೇಕಾಗತದ."

ಬಾಳು ನೋಟು ಮಡಚಿ ಅಣ್ಣನ ಜೇಬಿಗೆ ತುರುಕಿ ಹೋದ. ತಮ್ಮನೂ ಆಡುತ್ತಾನೆ ಎಂದುಕೊಂಡ ನಮ್ಮ ಅಣ್ಣ. ಅಪ್ಪ ಸರಕಾರಿ ಕಚೇರಿಯ ಕಾರಕೂನ. ಮಗನ ಮೂಲಕ ಸಾಹೇಬರ ತನಕ ಮಾತು ಮುಟ್ಟುತ್ತದೆ ಎಂದುಕೊಂಡ ಬಾಳು. ಮರುದಿನ ಅವನು ಬಂದು "ಎಲ್ಲಿ?" ಎಂದಾಗ ಅಣ್ಣ ಕಂಪ್ಯೂಟರಿನಿಂದ ತಲೆಯೆತ್ತದೆ, "ನಿನ್ನ ತಮ್ಮನ ಹೀರೋನ ಹೆಸರೇನು, ದಾದಾ? ಹೇಳಿದರೆ ಈಗಲೇ ಹಾಕ್ತೀನಿ" ಅಂದ. ಬಾಳುನ ತಮ್ಮ ಜೈಲಿನಲ್ಲಿದ್ದ.

ನಾನು ಹೋಗಿ ಮುಟ್ಟುವಾಗ ಅಣ್ಣ ಕುರ್ಚಿಗಳ ನಡುವೆ ಬಿದ್ದಿದ್ದ. ಬಾಳು ಅವನ ಅಂಗಿಯ ಎದೆ ಹಿಡಿದು ಬಲಗೈಯಿಂದ ಗುದ್ದುತ್ತಿದ್ದ. ಗುದ್ದು ಬಿದ್ದ ಸದ್ದು ಹಸೀ ಬಟ್ಟೆ ಒಗೆದಂತೆ ಕೇಳುತ್ತಿತ್ತು. ಅಣ್ಣನ ಎಡಗಣ್ಣು ಮುಚ್ಚಿಹೋಗಿ, ತುಟಿ ಹರಿದು, ಮೂಗಿನ ರಕ್ತ ಕೊರಳಿಗೆ ಇಳಿದಿತ್ತು. ಮಾಮಾ ಹಿಂದಿನಿಂದ ಬಾಳುವನ್ನು ಎಳೆಯುತ್ತಿದ್ದ. ಬಾಳು ಮೊಣಕೈಯಿಂದ ಒಂದು ಕೊಟ್ಟ, ಮಾಮಾ ಮಾನಿಟರಿನ ಸಮೇತ ಕೆಳಗೆ ಬಿದ್ದ. ಹುಡುಗರೆಲ್ಲ ಗೋಡೆಗೆ ಆತುಕೊಂಡು ನಿಂತಿದ್ದರು. ಅಣ್ಣ ಕೈ ಎತ್ತಲೇ ಇಲ್ಲ. ಆಟದಲ್ಲಿ ನಿಲ್ಲುತ್ತಿದ್ದಂತೆಯೇ ಏಟು ತಿನ್ನುತ್ತಿದ್ದ.

ನನ್ನ ಬಳಿ ಬೆಂಕಿ ಇರಲಿಲ್ಲ. ಹಿಟ್ಟು ಮೆತ್ತಿದ ಹಿತ್ತಾಳೆಯ ಅಚ್ಚಿತ್ತು. ಎರಡೂ ಕೈಯಿಂದ ಎತ್ತಿ ಬಾಳುನ ಮೊಣಕೈಗೆ ಹೊಡೆದೆ. ಎಲುಬಿಗೆ ತಾಗಿದ ಸದ್ದು ಬಂತು. ಅವನು ತಿರುಗಿದ, ಮತ್ತೆ ಹೊಡೆದೆ, ಈ ಸಲ ಮೊಣಕಾಲಿಗೆ. ಅವನು ನನ್ನ ಜಡೆ ಹಿಡಿದು ಎತ್ತಿದ. ಅವನ ಮಣಿಕಟ್ಟಿಗೆ ಬಾಯಿ ಹಾಕಿ ಕಚ್ಚಿದೆ, ಉಪ್ಪುಪ್ಪು ರಕ್ತ ಬರುವ ತನಕ ಬಿಡಲಿಲ್ಲ. ಹನ್ನೆರಡು ವರ್ಷದ ಹೆಣ್ಣುಮಗಳ ತಲೆಯ ಮೇಲೆ ಎತ್ತಿದ ಮುಷ್ಟಿಯನ್ನು ಅವನು ಇಳಿಸಿದ. ಅದು ದೇವರ ದಯೆಯೇ ಎಂದು ಇವತ್ತಿಗೂ ನಂಬಿದ್ದೇನೆ.

ಆಮೇಲೆ ಬಾಳು ಮುರಿದ ಕುರ್ಚಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟ. ಮರಾಠಿಯಲ್ಲಿ, ಯಾರಿಗೂ ಅಲ್ಲದ ಹಾಗೆ ಅಂದ: "ಆಯಿ ಹೊರಟಿದಾಳೆ, ಬಹಳ ದಿನ ಉಳಿಯಲ್ಲ. ಸಣ್ಣ ಮಗನನ್ನು ಒಂದು ಸಲ ನೋಡಬೇಕು ಅಂತಾಳೆ. ಬೈಕಿನ ಹುಡುಗರಿಗೆಲ್ಲ ವಶಿಲಾ ಮಾರ್ತೀರಿ. ನನಗೆ ಮಾತ್ರ ಚೇಷ್ಟೆ ಮಾಡ್ತೀರಿ."

ಮಾಮಾ ಎದ್ದು ಮೊದಲು ಮಾಡಿದ ಕೆಲಸ, ಬಾಗಿಲಿನ ಆ ರಟ್ಟನ್ನು ಹರಿದದ್ದು. ಬಾಳುನ ನೋಟನ್ನು ಅಣ್ಣ ಜೇಬಿನಿಂದ ತೆಗೆದು ಅವನ ಮುಂದೆ ಇಟ್ಟ. ಅದಕ್ಕೂ ರಕ್ತ ಹತ್ತಿತ್ತು.

ಅಣ್ಣನನ್ನು ಹಿಡಿದುಕೊಂಡು ಮನೆಗೆ ಬಂದರೆ ಅಪ್ಪ ಬಾಗಿಲಲ್ಲೇ ನಿಂತಿದ್ದ. ಶನಿವಾರ, ಅರ್ಧ ದಿನದ ಕಚೇರಿ. ನಮಗಿಂತ ಮೊದಲೇ ಪಾನಪಟ್ಟಿಯ ಅಂಗಡಿಯಿಂದ ಸುದ್ದಿ ಮುಟ್ಟಿತ್ತು: ನಿಮ್ಮ ಮಗ ನಿಮ್ಮ ಹೆಸರಿನ ಮೇಲೆ ವಶಿಲಾ ಮಾರುತ್ತಾನೆ, ರೊಕ್ಕ ತಿಂದು ಕೈ ಕೊಟ್ಟದ್ದಕ್ಕೆ ಹೊಡೆತ ಬಿತ್ತು.

ಅಪ್ಪನಿಗೆ ಆ ಶಬ್ದವೇ ವಿಷ. ಅವನ ನಂತರ ಸೇರಿದವರೆಲ್ಲ ಯಾರ್ಯಾರದೋ ವಶೀಲಿ ಹಚ್ಚಿ ಮೇಲೆ ಹೋಗಿದ್ದರು. ಅಪ್ಪ ಅದೇ ಮೇಜಿನಲ್ಲಿದ್ದ.

"ನನ್ನ ಹೆಸರ ಮ್ಯಾಲೆ ವಶೀಲಿ ಮಾರ್ತೀಯೇನಲೇ?"

"ಅಪ್ಪಾ, ಅದು ಆಟದ..."

ಅಪ್ಪ ಎಡಗೈಯವನು. ಬರೆಯುವುದೂ ಎಡಗೈಯಿಂದಲೇ, ಹೊಡೆಯುವುದೂ. ಆ ಒಂದೇ ಏಟಿಗೆ ಅಣ್ಣ ಚೌಕಟ್ಟಿಗೆ ಬಡಿದು ಹೊಸ್ತಿಲ ಮೇಲೆ ಬಿದ್ದ. ಬಿದ್ದವನನ್ನು ಎತ್ತಿ ಮತ್ತೊಂದು, ಅದೇ ಬಲಗಡೆಯ ಕಪಾಳಕ್ಕೆ. ಗಿರಣಿಯಿಂದ ಬಂದ ಅವ್ವ ಹಿಟ್ಟಿನ ಡಬ್ಬಿ ಬಿಸಾಕಿ ನಡುವೆ ಬಿದ್ದಳು.

"ಕೊಲ್ಲತೀರೇನ್ರಿ? ಮೊದಲ ಒಬ್ಬ ಕೊಂದು ಕಳಿಸ್ಯಾನ, ಉಳಿದದ್ದು ನೀವು ಕೊಲ್ಲತೀರೇನು?"

ಮೈಮೇಲೆಲ್ಲ ಹಿಟ್ಟು. ನಾನು ಅಳುತ್ತ ಹೇಳಿದೆ: ಗೋದಾಮು, ಗೂಂಡಾಗಳು, ಗುಂಡಪ್ಪ, ಮೈಲಾರಿ, ಮಾಮಾನ ರಟ್ಟು, ಬಾಳುನ ಆಯಿ. ಅಪ್ಪ ಕೇಳುತ್ತ ಕೇಳುತ್ತ ಗೋಡೆ ಹಿಡಿದು ಕೂತ.

"ಆಟದಾಗ ವಶೀಲಿ ಇರತದೇನು?"

"ಇರತದಪ್ಪಾ. ಕೆಟ್ಟವರನ್ನ ಹೊಡದ್ರ ಸಿಗತದ."



ಎರಡು ದಿನ ಕಳೆದರೂ ಅಣ್ಣನ ಬಲಗಿವಿಯೊಳಗಿನ ಗುಂಯ್ ಸದ್ದು ನಿಲ್ಲಲಿಲ್ಲ. ಆಮೇಲೆ ಆ ಸದ್ದೂ ನಿಂತಿತು, ಆ ಕಿವಿಗೆ ಬೇರೆ ಸದ್ದುಗಳೂ ನಿಂತವು. ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ಪರದೆ ಹರಿದಿದೆ, ಒಳಗೂ ಪೆಟ್ಟಾಗಿದೆ ಅಂದರು.

"ಯಾರು ಹೊಡೆದದ್ದು?"

ಅಪ್ಪ ಅಲ್ಲೇ ನಿಂತಿದ್ದ. ಅಣ್ಣ ಅವನ ಕಡೆ ನೋಡಲಿಲ್ಲ. "ಬಾಳು ಅಂತ ಒಬ್ಬ ಟೆಂಪೋದವ" ಅಂದ.

ಬಾಳುನ ಗುದ್ದೆಲ್ಲ ಬಿದ್ದದ್ದು ಎಡಗಡೆ. ನನಗೆ ಗೊತ್ತಿತ್ತು, ಅವ್ವನಿಗೆ ಗೊತ್ತಿತ್ತು, ಅಪ್ಪನಿಗೆ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು. ಕಣ್ಣು ಉಳಿಯಿತಲ್ಲ, ಒಂದು ಕಿವಿಯಾದರೂ ಉಳಿಯಿತಲ್ಲ ಎಂದು ಅವ್ವ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ನಾನೂ ಕೈ ಮುಗಿದೆ.

ಆ ಸಂಜೆ ಅಪ್ಪ ನನ್ನನ್ನು ಕರೆದು, "ಆ ಬಾಳುನ ಮನೀ ತೋರಸು" ಅಂದ. ಇನ್ನೊಂದು ಹೊಡೆದಾಟವಾಗುತ್ತದೆಂದು ಹೆದರಿಕೊಂಡೇ ಕರೆದೊಯ್ದೆ. ಬಾಳು ಬಾಗಿಲಿಗೆ ಬಂದವನು ಕೈ ಮುಷ್ಟಿ ಮಾಡಿದ, ನನ್ನನ್ನು ನೋಡಿ ಬಿಚ್ಚಿದ. ಒಳಗೆ ಮಂಚದ ಮೇಲೆ ಮುದುಕಿ, ಉಸಿರು ಎಳೆಯುತ್ತಿದ್ದಳು. ಅಪ್ಪ ಅವಳನ್ನು ನೋಡಿ, ಚಪ್ಪಲಿ ಬಿಟ್ಟು ಒಳಗೆ ಹೋಗಿ ನೆಲದ ಮೇಲೆ ಕೂತ.

"ಇದಕ್ಕ ವಶಿಲಾ ಬೇಕಾಗಿಲ್ಲೋ ಮಾರಾಯ. ಜೈಲಿನವರಿಗೆ ಅರ್ಜಿ ಕೊಡಬೇಕು. ತಾಯಿಗೆ ಸೀರಿಯಸ್ ಅದ ಅಂತ ಡಾಕ್ಟರ ಚೀಟಿ ಹಚ್ಚಿ ಅರ್ಜಿ ಕೊಟ್ಟೀಯೇನು?"

"ನನಗೆ ಅರ್ಜಿ-ಗಿರ್ಜಿ ಬರೆಯೋದು ಬರಲ್ಲ, ಸಾಹೇಬ್."

ಅಪ್ಪ ಜೇಬಿನಿಂದ ಪೆನ್ನು ತೆಗೆದು ಅಲ್ಲೇ ಬರೆದುಕೊಟ್ಟ. ಮರುದಿನ ರಜೆ ಹಾಕಿ ಬಾಳುನ ಜೊತೆ ತಾನೇ ಹೋಗಿ, ಸಾಲಿನಲ್ಲಿ ನಿಂತು ಕೊಟ್ಟು ಬಂದ. ಸ್ವಲ್ಪ ದಿನಕ್ಕೆ ಇಬ್ಬರು ಪೊಲೀಸರ ನಡುವೆ ಆ ತಮ್ಮ ಬಂದ. ಮುದುಕಿಗೆ ಗುರುತು ಹತ್ತಲಿಲ್ಲವಂತೆ, ಆದರೆ ಹಿಡಿದ ಕೈಯನ್ನು ಬಿಡಲಿಲ್ಲವಂತೆ. ಅದೂ ದೇವರು ಕೊಟ್ಟದ್ದೇ.

ಆ ಅಂಗಡಿ ಈಗ ಇಲ್ಲ, ಅಲ್ಲಿ ಮೊಬೈಲ್ ಮಾರುತ್ತಾರೆ. ಆಟದ ಪಟ್ಟಣವೂ ಇಲ್ಲ. ಕೆಲವು ವರ್ಷಕ್ಕೆ ಅಮೆರಿಕದ ಕಂಪನಿಯವರು ಅದನ್ನು ಮುಚ್ಚಿಬಿಟ್ಟರು. ನಮ್ಮ ಕೋಟಿಗಟ್ಟಲೆ ವಶೀಲಿ, ಗುಂಡಪ್ಪ, ಮೈಲಾರಿ, ಎಲ್ಲ ಅಳಿಸಿಹೋದವು. ಅದಕ್ಕೆ ನಾನು ಅಳಲಿಲ್ಲ. ಆದರೆ ಆಡುವಾಗ ನಾನು ಕೂರುತ್ತಿದ್ದದ್ದು ಅಣ್ಣನ ಬಲಕ್ಕೆ. "ಅಣ್ಣಾ, ಬಂದ್ರು", "ಅಣ್ಣಾ, ನಿಲ್ಲು", "ಅಣ್ಣಾ, ಈಗ" ಎಂದು ಪಿಸುಗುಟ್ಟುತ್ತಿದ್ದದ್ದು ಆ ಕಿವಿಗೇ. ಪಿಸುಮಾತು ಈಗ ನಮ್ಮಿಬ್ಬರ ನಡುವೆ ಇಲ್ಲ. ಏನಿದ್ದರೂ ಜೋರಾಗಿ, ಎಲ್ಲರೂ ಕೇಳುವ ಹಾಗೆ ಹೇಳಬೇಕು. ಹಾಗೆ ಹೇಳಲು ಬಾರದ ಮಾತುಗಳು ಇಷ್ಟು ವರ್ಷದಲ್ಲಿ ಎಷ್ಟೋ ಉಳಿದುಹೋದವು.

ಅಪ್ಪ ವಾಕಡದಲ್ಲಿ ಅಣ್ಣನ ಮನೆಯಲ್ಲೇ ಇದ್ದಾನೆ. ಕಾಲು ಸೋತಿವೆ. ಆದರೂ ಊಟಕ್ಕೆ ಕರೆದರೆ, ಹತ್ತಿರದ ಕುರ್ಚಿ ಬಿಟ್ಟು, ಮೇಜು ಹಿಡಿದುಕೊಂಡು ಸುತ್ತು ಹಾಕಿ ಹೋಗಿ ಅಣ್ಣನ ಎಡಕ್ಕೇ ಕೂರುತ್ತಾನೆ. ಯಾಕೆ ಎಂದು ಸೊಸೆ ಒಮ್ಮೆ ಕೇಳಿದ್ದಕ್ಕೆ, "ಅಲ್ಲಿ ಗಾಳಿ ಬರತದ" ಅಂದನಂತೆ. ಅಣ್ಣ ತಲೆ ಬಗ್ಗಿಸಿ ರೊಟ್ಟಿ ಮುರಿಯುತ್ತಿದ್ದನಂತೆ.

ನಾಳೆ ಭಾನುವಾರ, ಎಲ್ಲರೂ ನಮ್ಮಲ್ಲಿಗೆ ಊಟಕ್ಕೆ ಬರುತ್ತಾರೆ. ಹಾಲು ಬೆಚ್ಚಗಾಗಿದೆ. ಹೆಪ್ಪು ಹಾಕಿಡಬೇಕು.