ಬಲಗಡೆ ಬಿದ್ದ ಹೂ

ನಮ್ಮ ಅತ್ತೆಯವರು ದೇವರನ್ನು ಕೇಳದೆ ಯಾವ ಕೆಲಸಕ್ಕೂ ಕೈಹಾಕುತ್ತಿರಲಿಲ್ಲ. ಎಮ್ಮೆ ಕೊಳ್ಳಬೇಕೆ, ಹೂ ಕೇಳು. ಹೊನ್ನಾಳಿಗೆ ಹೋಗಿ ಹಲ್ಲು ಕೀಳಿಸಬೇಕೆ, ಹೂ ಕೇಳು. ನಾನು ಜಗಳೂರಿನಿಂದ ಗೋವಿನಕೋವಿಯ ಆ ಮನೆಗೆ ಸೊಸೆಯಾಗಿ ಬಂದದ್ದೂ ಹೂವಿನ ಅಪ್ಪಣೆಯಿಂದಲೇ ಅಂತೆ. ಸಾರಿಗೆ ಉಪ್ಪು ಹೆಚ್ಚಾದಾಗಲೆಲ್ಲ ಅವರು ವೀರಭದ್ರನ ಗುಡಿಯ ಕಡೆ ನೋಡಿ ನಿಟ್ಟುಸಿರು ಬಿಡುತ್ತಿದ್ದರು.

ಹೂ ಕೇಳುವ ಕ್ರಮ ಇಷ್ಟೇ. ಪೂಜಾರಿ ಕಣಗಿಲೆ ಹೂಗಳನ್ನು ನೀರಿನಲ್ಲಿ ಅದ್ದಿ ದೇವರ ಎರಡೂ ಭುಜಗಳಿಗೆ ಅಂಟಿಸುತ್ತಾನೆ. ಕೇಳುವವರು ಕೈಮುಗಿದು ಕೂತು ತಮ್ಮ ಮಾತನ್ನು ಮನಸ್ಸಿನಲ್ಲೇ ನೆನೆಯಬೇಕು, ಬಾಯಿಬಿಟ್ಟು ಹೇಳಬಾರದು. ಬಲಭುಜದ ಹೂ ಮೊದಲು ಬಿದ್ದರೆ ಕೆಲಸ ಆಗುತ್ತದೆ, ಎಡಗಡೆಯದು ಬಿದ್ದರೆ ಇಲ್ಲ. ಇದು ನನ್ನ ತಲೆಗೆ ಹತ್ತುತ್ತಿರಲಿಲ್ಲ. ಎಲ್ಲವನ್ನೂ ಹಣೆಯಲ್ಲಿ ಮೊದಲೇ ಬರೆದಿದ್ದರೆ ಕೇಳುವುದು ಯಾಕೆ? ಕೇಳಿಕೊಂಡು ನಡೆಯುವುದು ನಮ್ಮ ಕೈಯಲ್ಲಿದ್ದರೆ ಬರೆದದ್ದು ಯಾಕೆ? ಒಂದು ಸಲ ಅತ್ತೆಯವರನ್ನೇ ಕೇಳಿಬಿಟ್ಟೆ.

"ನಿಮ್ಮ ಜಗಳೂರಾಗೆ ಮಳೆ ಕಮ್ಮಿ, ಮಾತು ಭಾಳ" ಎಂದರು. ಚರ್ಚೆ ಅಲ್ಲಿಗೆ ಮುಗಿಯಿತು.

ಅವರ ಮಗಳು, ಅಂದರೆ ನನ್ನ ನಾದಿನಿ, ಮದುವೆಯಾದ ವರ್ಷದೊಳಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ನನಗಿಂತ ಚಿಕ್ಕವಳು. ಇಬ್ಬರೂ ಕೂಡಿ ರೊಟ್ಟಿ ಬಡಿಯುತ್ತಿದ್ದೆವು, ಹೊಳೆಗೆ ಬಟ್ಟೆ ಒಯ್ಯುತ್ತಿದ್ದೆವು. ಎರಡನೆಯ ಮಹಾಯುದ್ಧ ಶುರುವಾದ ಹೊಸತರಲ್ಲಿ ನ್ಯಾಮತಿಯಿಂದ ಅವಳಿಗೊಂದು ಸಂಬಂಧ ಬಂತು. ಗಂಡು ಅಡಿಕೆ ಮಂಡಿಯಲ್ಲಿ ಗುಮಾಸ್ತ, ಹೆಂಡತಿ ತೀರಿಕೊಂಡವನು. ವಿಧವೆಯ ಎರಡನೆಯ ಮದುವೆ ನಮ್ಮ ಜನರಲ್ಲಿ ಇತ್ತು, ಸೀರೆ ಉಡಿಕೆ ಎನ್ನುತ್ತಿದ್ದರು. ಆದರೆ ದೊಡ್ಡ ಮನೆಯವರೆನಿಸಿಕೊಂಡವರು ಅದಕ್ಕೆ ಮೂಗು ಮುರಿಯುತ್ತಿದ್ದರು. ಅತ್ತೆಯವರೂ ಮುರಿದರು.

"ಅವಳ ಹಣೇಲಿ ಇದ್ದಿದ್ದು ಒಂದು. ಅದು ಹೋತು, ಮುಗೀತು."

ನಾದಿನಿ ಅಳಲಿಲ್ಲ. "ಹಂಗಾದ್ರೆ ಹೂ ಕೇಳಾನ ಅವ್ವಾ" ಎಂದಳು. ಬೇಡ ಎನ್ನಲು ಅತ್ತೆಯವರಿಗೆ ಬಾಯಿರಲಿಲ್ಲ.

ಸೋಮವಾರ ಬೆಳಿಗ್ಗೆ ಗುಡಿಗೆ ಹೋದೆವು. ನಾದಿನಿ ಕಣ್ಣು ಮುಚ್ಚಿ ಕೂತಳು. ಅಷ್ಟೆಲ್ಲ ವಾದ ಮಾಡುತ್ತಿದ್ದ ನಾನೇ ಅವತ್ತು 'ಬಲಗಡೆ ಕೊಡಪ್ಪಾ' ಎಂದು ಬೇಡಿಕೊಂಡೆ. ಬಹಳ ಹೊತ್ತು ಯಾವ ಹೂವೂ ಅಲುಗಲಿಲ್ಲ. ಆಮೇಲೆ ಬಲಭುಜದ ಹೂ ಜಾರಿ ದೇವರ ಪಾದದ ಹತ್ತಿರ ಬಿತ್ತು. ಪೂಜಾರಿ ಅದನ್ನೆತ್ತಿ ಅವಳ ಸೆರಗಿಗೆ ಹಾಕಿದ. ಅತ್ತೆಯವರ ಮುಖ ಸುಟ್ಟ ಬದನೆಕಾಯಿಯ ಹಾಗಾಗಿತ್ತು.

ಉಡಿಕೆ ಆಯಿತು. ಅತ್ತೆಯವರು ತಡೆಯಲಿಲ್ಲ, ಬರಲೂ ಇಲ್ಲ. ಹಬ್ಬ ಹಬ್ಬಕ್ಕೆ ನ್ಯಾಮತಿಯಿಂದ ಕರೆ ಬರುತ್ತಿತ್ತು. "ಹೋಗು ಅಂತ ದೇವರು ಅವಳಿಗೆ ಹೇಳೈತೆ. ನೀನೂ ಹೋಗು ಅಂತ ನನಗೇನು ಹೇಳಿಲ್ಲ" ಎನ್ನುತ್ತಿದ್ದರು. ಮಗಳು ಬಸುರಿ ಎಂದು ಗೊತ್ತಾದ ಮೇಲೂ ಅದೇ ಮಾತು. ಚೊಚ್ಚಲ ಹೆರಿಗೆಗೆ ತವರಿಗೆ ಕರೆತರುವುದು ಪದ್ಧತಿ. ಅದರ ಸುದ್ದಿಯನ್ನೇ ಎತ್ತಲಿಲ್ಲ. ನನಗೆ ಕೆಟ್ಟ ಕೋಪ ಬಂತು. ಬುತ್ತಿ ಕಟ್ಟಿಕೊಂಡು, ಗಂಡನನ್ನು ಹೊರಡಿಸಿಕೊಂಡು ನ್ಯಾಮತಿಗೆ ಹೋದೆ.

ನಾದಿನಿ ಬುತ್ತಿ ಬಿಚ್ಚಿ, ತಾಯಿಯ ಕೈಯ ಚಟ್ನಿಪುಡಿ ಇದೆಯೇ ಎಂದು ಹುಡುಕಿದಳು. ಇರಲಿಲ್ಲ. ನನಗೇ ಅಳು ಬಂತು.

"ದೇವರು ಹೋಗು ಅಂದಿದ್ದಕ್ಕೇ ಅಲ್ವಾ ನೀನು ಬಂದಿದ್ದು? ಅಷ್ಟೂ ತಿಳಿಯಾಕಿಲ್ವಾ ಅವರಿಗೆ?" ಎಂದೆ.

"ಹೋಗ್ಲೋ ಬ್ಯಾಡೋ ಅಂತ ನಾನು ಕೇಳ್ಲೇ ಇಲ್ಲ ಅತ್ತಿಗೆ" ಎಂದಳು. "ಅದನ್ನ ಮನೇಲೇ ತೀರ್ಮಾನ ಮಾಡ್ಕೊಂಡಿದ್ದೆ. ನಾನು ಕೇಳಿದ್ದು, ಅವ್ವ ನನ್ನ ಮನೆಗೆ ಬರ್ತಾಳಾ ಅಂತ."

ಅವಳು ನಿಜವಾಗಿ ಅದನ್ನೇ ಕೇಳಿದ್ದಳೋ, ನನ್ನ ಮುಂದೆ ಕೂತ ಆ ಗಳಿಗೆಯಲ್ಲಿ ಅವಳಿಗೆ ಹೊಳೆಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಮನಸ್ಸಿನಲ್ಲಿ ಕೇಳಿದ ಮಾತಿಗೆ ಸಾಕ್ಷಿ ಎಲ್ಲಿಂದ ಬರಬೇಕು?

ಊರಿಗೆ ಬಂದಾಗ ಅತ್ತೆಯವರು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಿಂತಲ್ಲೇ ಎಲ್ಲ ಹೇಳಿದೆ. ಅವರ ಕೈ ನಿಂತಿತು.

"ಬಲಗಡೇದೇ ಅಲ್ವಾ ಬಿದ್ದಿದ್ದು?"

"ನಿಮ್ಮ ಕಣ್ಣೆದುರಿಗೇ ಅಲ್ವಾ ಅತ್ತೆ."

"ಮತ್ತೆ ಇಷ್ಟು ದಿನ ಯಾಕೆ ಬಾಯಿ ಮುಚ್ಕೊಂಡಿದ್ಲು? ಮೊದ್ಲೇ ಹೇಳಿದ್ರೆ ಅವತ್ತೇ ಹೋಗ್ತಿರಲಿಲ್ವಾ ನಾನು?"

"ನಾನೂ ಕೇಳ್ದೆ ಅತ್ತೆ. ಹೂವಿನ ಮಾತು ಹೇಳಿ ಕರೆಸಿಕೊಂಡ್ರೆ ಅವ್ವ ತಾನಾಗೇ ಬಂದಂಗೆ ಆಗತೈತಾ ಅಂದ್ಲು."

ಅತ್ತೆಯವರು ಎದ್ದು ಒಳಗೆ ಹೋದರು. ರಾತ್ರಿ ಊಟ ಮಾಡಲಿಲ್ಲ. ಗುಡಿಗೂ ಹೋಗಲಿಲ್ಲ. ಬೆಳಿಗ್ಗೆ ನೋಡಿದರೆ ಬಾಣಂತಿಗೆ ಬೇಕಾಗುವ ಹಳೆಯ ಮೆತ್ತನೆಯ ಸೀರೆಗಳನ್ನು ಗಂಟು ಕಟ್ಟಿ, ಪಕ್ಕದಲ್ಲಿ ಚಟ್ನಿಪುಡಿಯ ಡಬ್ಬಿ ಇಟ್ಟುಕೊಂಡು ಕೂತಿದ್ದರು. ನನ್ನ ಗಂಡ ಗಾಡಿ ಕಟ್ಟಿದರು, ನಾನೂ ಹತ್ತಿದೆ.

ನ್ಯಾಮತಿಯ ಮನೆಯ ಬಾಗಿಲಲ್ಲಿ ನಾದಿನಿ ತಾಯಿಯನ್ನು ಕಂಡು ಹಾಗೇ ನಿಂತಳು. ಆಮೇಲೆ ನನ್ನನ್ನೊಮ್ಮೆ ನೋಡಿ, "ಅತ್ತಿಗೆ ಹೂವಿನ ಮಾತು ಹೇಳಿದ್ಲೇನವ್ವಾ?" ಎಂದಳು.

"ಯಾವ ಹೂವು?" ಎಂದರು ಅತ್ತೆ. "ನಾನಾಗೇ ಬಂದೀನಿ. ಸರಿ ಅತ್ಲಾಗೆ, ಒಳಗೆ ಬಿಡು."