ತಾರಸಿಯ ಹಗ್ಗ, ಅಳಿಯನ ವೆಬ್‌ಸೈಟ್

ತಂಗಿಯ ಅಳಿಯನ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದ ದಿನ ನಾನು ತಾರಸಿಯ ಮೇಲೆ ಹೊದಿಕೆ ಹಿಂಡುತ್ತಿದ್ದೆ. ತಂಗಿ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು, ಹೊದಿಕೆಯ ಇನ್ನೊಂದು ತುದಿ ಹಿಡಿಯುವ ಮೊದಲೇ, ಮಗಳಿಗೆ ಗಂಡು ಗೊತ್ತಾಯಿತು ಎಂದಳು. ಹುಡುಗ ವೆಬ್‌ಸೈಟ್ ಮಾಡುವವನಂತೆ. ನೆರಳಲ್ಲಿ ಕೂತು ಮಾಡುವ ಕೆಲಸವಂತೆ. ನನ್ನ ಸ್ವಂತ ಅಳಿಯ ಲಾರಿಗಳಿಗೆ ಪಂಕ್ಚರ್ ಹಾಕುವವನು. ಅವನು ಬಂದು ಹೋದರೆ ಬಾಗಿಲ ಹಿಡಿಯ ಮೇಲೆ ಬೆರಳಿನ ಗುರುತು ಕಪ್ಪಗೆ ಉಳಿಯುತ್ತದೆ. ನೆರಳು ಎನ್ನುವ ಮಾತನ್ನು ತಂಗಿ ಬೇಕೆಂದೇ ಒತ್ತಿ ಹೇಳಿದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಹುಡುಗನ ಕಣ್ಣು ಸರಿ ಇದೆಯಾ ವಿಚಾರಿಸಿದೆಯಾ? ದಿನಪೂರ್ತಿ ಕಂಪ್ಯೂಟರ್ ನೋಡೋರಿಗೆ ಬೇಗ ಮಂಜಾಗುತ್ತಂತೆ" ಎಂದೆ.

"ನಿನ್ನ ಕಣ್ಣು ಬೀಳದಿದ್ರೆ ಸಾಕು ಕಣಕ್ಕ" ಎಂದು ತಂಗಿ ನಕ್ಕಳು.

ಮದುವೆಯಾದ ಮೇಲೆ ಗಂಡ ಹೆಂಡತಿ ನಮ್ಮ ಕಟ್ಟಡಕ್ಕೇ ಬಾಡಿಗೆಗೆ ಬಂದರು, ಅದೂ ನನ್ನ ಎದುರು ಬಾಗಿಲಿಗೆ. ಮುಖಾಮುಖಿ ಸಿಕ್ಕಾಗ ನಾನು ಅವನನ್ನು ಅಳಿಯಂದ್ರೇ ಎಂದು ಬಹುವಚನದಲ್ಲೇ ಕರೆಯುತ್ತಿದ್ದೆ. ಇಲ್ಲಿ ಅವನು ಎಂದು ಬರೆಯುತ್ತೇನೆ, ನನ್ನ ಮಗಳಿಗಿಂತ ಚಿಕ್ಕವನು.

ಸಣ್ಣ ಮೈಯ ಮನುಷ್ಯ. ಕೂತು ಕೂತು ಬೆನ್ನು ಸ್ವಲ್ಪ ಬಾಗಿತ್ತು. ಹಗಲೆಲ್ಲ ಆಫೀಸಿನಲ್ಲಿ ಬೇರೆಯವರ ವೆಬ್‌ಸೈಟ್ ಮಾಡುತ್ತಿದ್ದ. ಹಲ್ಲಿನ ಡಾಕ್ಟರದ್ದು, ಬಣ್ಣದ ಅಂಗಡಿಯದ್ದು, ಈಜು ಕಲಿಸುವವರದ್ದು. ಅದರಲ್ಲೆಲ್ಲೂ ಅವನ ಹೆಸರು ಇರುತ್ತಿರಲಿಲ್ಲ. ಸಂಜೆ ಮನೆಗೆ ಬಂದು ಷೂ ಬಿಚ್ಚುವ ಮೊದಲೇ ತನ್ನ ಸ್ವಂತ ವೆಬ್‌ಸೈಟ್ ತೆರೆಯುತ್ತಿದ್ದ. ಅದರ ತಲೆಯ ಮೇಲೆ ಅವನ ಹೆಸರು ದೊಡ್ಡದಾಗಿತ್ತು. ಕೆಳಗೆ ತಾನು ಏನೇನು ಮಾಡಿ ನೋಡಿದೆ, ಎಲ್ಲಿ ಕೆಟ್ಟಿತು, ಹೇಗೆ ಸರಿ ಮಾಡಿದೆ ಎಂದು ಉದ್ದುದ್ದ ಬರೆದಿದ್ದ. ಉಪಯೋಗಕ್ಕೆಂದು ಒಂದಷ್ಟು ಸಣ್ಣಪುಟ್ಟ ಸಾಧನಗಳನ್ನೂ ಇಟ್ಟಿದ್ದ. ಗೋಡೆಯ ಬಣ್ಣ ಹೇಳಿದರೆ ಪರದೆಯ ಬಣ್ಣ ಸೂಚಿಸುವುದು ಒಂದು. ಮೊಟ್ಟೆಯ ಗಾತ್ರ ಕೊಟ್ಟರೆ ಎಷ್ಟು ಹೊತ್ತು ಬೇಯಿಸಬೇಕು ಎಂದು ಹೇಳುವುದು ಇನ್ನೊಂದು. ಹೊಸದು ಮಾಡಿದಾಗಲೆಲ್ಲ, "ದೊಡ್ಡತ್ತೆ, ಒಂದ್ನಿಮಿಷ ಬನ್ನಿ" ಎಂದು ಕರೆದು ತೋರಿಸುತ್ತಿದ್ದ. ಹೆಂಡತಿಗೆ ತೋರಿಸಲು ಹೋದರೆ ಅವಳು ಬಾಗಿಲಲ್ಲೇ ನಿಂತು ಚೆನ್ನಾಗಿದೆ ಎಂದು ತಿರುಗಿಬಿಡುತ್ತಿದ್ದಳು. ಒಂದು ವಾರ ಪುಟ ನೀಲಿ, ಇನ್ನೊಂದು ವಾರ ಬೂದು. ಒಕ್ಕಲೇ ಬರದ ಮನೆಗೆ ಎಷ್ಟು ಸಲ ಸುಣ್ಣ ಹೊಡೀತೀರಿ ಎಂದು ನಾನು ತಮಾಷೆ ಮಾಡಿದರೆ ಅವನು ನಗುತ್ತಿರಲಿಲ್ಲ. ಎಷ್ಟು ಜನ ಬಂದು ನೋಡಿದರು ಎಂದು ಹೇಳುವ ಒಂದು ಗೆರೆ ಅವನ ಪರದೆಯ ಮೂಲೆಯಲ್ಲಿತ್ತು. ಅದು ಯಾವಾಗಲೂ ನೆಲಕ್ಕೆ ಅಂಟಿಕೊಂಡಿರುತ್ತಿತ್ತು.

ಈಗ ತಾರಸಿಯ ವಿಷಯ ಹೇಳಬೇಕು. ಅಲ್ಲಿ ಬಟ್ಟೆ ಒಣಹಾಕುವ ಕಂಬಗಳನ್ನು ನೆಟ್ಟವರು ನಮ್ಮ ಯಜಮಾನರು. ಅವರು ಹೋದ ಮೇಲೂ ಇವತ್ತು ಯಾರ ಸರದಿ, ನಾಳೆ ಯಾರದ್ದು ಎಂದು ಹೇಳುವ ಅಧಿಕಾರ ನನ್ನ ಹತ್ತಿರವೇ ಉಳಿಯಿತು. ಎಲ್ಲವೂ ಬಾಯಿಲೆಕ್ಕ. ಬೆಳಿಗ್ಗೆ ಆದರೆ ಸಾಕು, ಕೆಳಮನೆಯ ನರ್ಸಮ್ಮ, ಬಸ್ ಡ್ರೈವರ್, ಮೇಲಿನ ಟೈಲರ್ ಹೆಂಡತಿ, ಯಾರಾದರೊಬ್ಬರು ಬಾಗಿಲು ಬಡಿಯುತ್ತಿದ್ದರು. ಹಗ್ಗ ಕೇಳಲು ಬಂದವರು ಹಾಗೇ ಕೂತು ಮನೆಯ ಗೋಳನ್ನೆಲ್ಲ ಹೇಳಿ ಹೋಗುತ್ತಿದ್ದರು.

ನನ್ನ ಮಂಡಿನೋವು ನೋಡಿ ಪಾಪ ಎನಿಸಿತೋ ಏನೋ, ತಂಗಿಯ ಮಗಳು ಗಂಡನಿಗೆ ದುಂಬಾಲು ಬಿದ್ದಳು. ಯಾರ ದಿನ ಯಾವುದು ಎಂದು ಫೋನಿನಲ್ಲೇ ಗುರುತು ಹಾಕಿಕೊಳ್ಳುವಂಥ ಒಂದು ಪುಟ ಮಾಡಿಕೊಡಿ ಎಂದಳು. ರಜೆಯ ದಿನ, ಅನ್ನಕ್ಕಿಟ್ಟು ಇಳಿಸುವಷ್ಟರಲ್ಲಿ ಅವನು ಅದನ್ನು ಮಾಡಿ ಕೈತೊಳೆದುಕೊಂಡ. ಅಂದಚಂದ ಏನೂ ಇಲ್ಲ, ಬರೀ ಚೌಕಗಳು. ಅವಳು ಅದನ್ನು ಎಲ್ಲರ ಫೋನಿಗೂ ಕಳಿಸಿದಳು.

ಅಲ್ಲಿಗೆ ನನ್ನ ಬಾಗಿಲು ಬಡಿಯುವುದು ನಿಂತಿತು. ಬಕೆಟ್ ಹಿಡಿದ ಹೆಜ್ಜೆಗಳು ನನ್ನ ಬಾಗಿಲ ಮುಂದೆ ಹಾದು ಮೇಲೆ ಹೋಗುವುದು ಒಳಗೆ ಕೂತರೂ ಕೇಳುತ್ತಿತ್ತು. ಆ ಚೌಕಗಳ ಮೇಲೆ ನನಗೆ ಎಂಥಾ ಮತ್ಸರ ಎಂದರೆ, ಮನುಷ್ಯರ ಮೇಲೂ ಅಷ್ಟು ಬಂದಿರಲಿಲ್ಲ.

ನನಗೊಬ್ಬಳಿಗೇ ಎಂದುಕೊಂಡಿದ್ದೆ. ಅವನಿಗೂ ಹಾಗೇ ಆಗುತ್ತಿದೆ ಎಂದು ಗೊತ್ತಾದದ್ದು ತಂಗಿಯ ಮನೆಯ ಊಟದಲ್ಲಿ. ಬಂದವರ ಮುಂದೆ ತಂಗಿ, ನಮ್ಮ ಹುಡುಗಿ ಮಾಡಿದ ಪುಟ ಕಟ್ಟಡಕ್ಕೆಲ್ಲ ಆಧಾರ ಎಂದು ಜಂಬ ಕೊಚ್ಚಿದಳು. ಅಳಿಯನ ಕೈಯ ತುತ್ತು ಅಲ್ಲೇ ನಿಂತಿತು. "ಅದೊಂದು ಪೇಜಾ? ಕಸ ಅದು. ನನ್ನ ಸೈಟ್ ಯಾರಾದ್ರೂ ನೋಡಿದ್ದೀರಾ?" ಎಂದ. ಹೆಂಡತಿ ನೀರಿನ ಲೋಟ ಅವನ ಕಡೆ ಸರಿಸುತ್ತಾ, "ಜನಕ್ಕೆ ಅದೇ ಬೇಕಾಗಿದೆಯಲ್ರೀ, ಏನ್ಮಾಡೋಣ" ಎಂದಳು. ಅವಳು ಹಗುರವಾಗಿ ಹೇಳಿದ್ದು. ಅವನಿಗೆ ಹಾಗೆ ತಾಗಲಿಲ್ಲ.

ಮಾರನೆಯ ದಿನದಿಂದ ಹಗ್ಗ ಬೇಕಾದವರು ಮೊದಲು ಅವನ ವೆಬ್‌ಸೈಟ್ ಹೊಕ್ಕು, ತಳದವರೆಗೆ ಇಳಿದು, ಅಲ್ಲಿಂದ ಹಗ್ಗದ ಪುಟಕ್ಕೆ ಹೋಗಬೇಕಾಯಿತು. ಜನ ಹೆಬ್ಬೆರಳಿನಲ್ಲಿ ಸರಸರ ಜಾರಿಸಿಕೊಂಡು ಇಳಿದರು. ಗೆರೆಯೇನೋ ಎದ್ದು ನಿಂತಿತು, ಆದರೆ ಒಬ್ಬೊಬ್ಬರು ನಿಂತದ್ದು ಒಂದು ಸೀನು ಸೀನುವಷ್ಟು ಹೊತ್ತು. ಅದನ್ನೂ ಅವನ ಕಂಪ್ಯೂಟರ್ ಹೇಳುತ್ತಿತ್ತು. ಓದಿದವರಿಗೆ ಮಾತ್ರ ದಾರಿ ಬಿಡಲು ಒಂದು ಪ್ರಶ್ನೆ ಇಟ್ಟ: ನಾನು ಮೊದಲು ಮಾಡಿದ ಸಾಧನ ಯಾವುದು? ಡ್ರೈವರ್ ನನಗೆ ಮೆಟ್ಟಿಲಲ್ಲಿ ಸಿಕ್ಕಿ, "ಮೊಟ್ಟೆ ಅಂತ ಒತ್ತಿ ಅಜ್ಜಿ, ಬಿಡುತ್ತೆ" ಎಂದ. ಯಾರು ಓದಿ ಕಂಡುಹಿಡಿದರೋ ದೇವರಿಗೇ ಗೊತ್ತು, ಉತ್ತರ ಒಂದೇ ದಿನದಲ್ಲಿ ಇಡೀ ಕಟ್ಟಡ ಸುತ್ತಿತ್ತು. ಹೆಂಡತಿ ಬೇಸತ್ತು, ಆ ಪುಟ ನನ್ನ ಕೈಗೆ ಕೊಡಿ, ನಾನೇ ನೋಡಿಕೊಳ್ಳುತ್ತೇನೆ ಎಂದು ಇಸಿದುಕೊಂಡು ಪ್ರಶ್ನೆ ಗಿಶ್ನೆ ಎಲ್ಲ ಕಿತ್ತು ಹಾಕಿದಳು. ಮಳೆ ಬಂದರೆ ಸರದಿ ಅದಲು ಬದಲು ಮಾಡಿಕೊಳ್ಳುವ ಅನುಕೂಲವನ್ನೂ ಅವನನ್ನು ಕೇಳಿ ಕೇಳಿ ತಾನೇ ಸೇರಿಸಿದಳು.

ಅದರ ಮರುದಿನ ಅವನಿಗೆ ರಜೆ, ಯಾವುದೋ ಹೊಸ ಸಾಧನ ತೋರಿಸಲು ನನ್ನನ್ನು ಕರೆದಿದ್ದ. ನಾನು ಅವನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಒಳಗಿನ ಕೋಣೆಯಿಂದ ಹೆಂಡತಿ ಫೋನಿನಲ್ಲಿ ನಗುತ್ತಾ, "ಹೌದು ನರ್ಸಮ್ಮ, ನಾನೇ ಮಾಡಿದ್ದು" ಎನ್ನುವುದು ಕೇಳಿಸಿತು. ಅವನ ಕಿವಿ ಕೆಂಪಾಯಿತು. ಆ ಚೌಕಗಳನ್ನು ತೆರೆದ, ಏನೋ ಒತ್ತಿದ. ಅಳಿಸಬೇಕೇ ಎಂದು ಕಂಪ್ಯೂಟರ್ ಕೇಳಿತು. ಅಷ್ಟು ಓದಲು ನನಗೂ ಬರುತ್ತದೆ. ಹೌದು ಎಂದ. ಆಮೇಲೆ ನನ್ನ ಕಡೆ ತಿರುಗಿ ನೋಡಿದ. ನಾನು ಎದ್ದು ಮನೆಗೆ ಬಂದೆ.

ಮಧ್ಯಾಹ್ನ ಯಾರೋ ನನ್ನ ಬಾಗಿಲು ಬಡಿದರು.

ಆ ವಾರ ತಾರಸಿಯಲ್ಲಿ ರಂಪವೋ ರಂಪ. ಒಂದೇ ಹಗ್ಗಕ್ಕೆ ಎರಡೆರಡು ಮನೆಯವರು ಬಕೆಟ್ ಹೊತ್ತು ತಂದರು. ನರ್ಸಮ್ಮ ಒದ್ದೆ ಯೂನಿಫಾರ್ಮ್ ತೊಟ್ಟು ಡ್ಯೂಟಿಗೆ ಹೋಗಿ ನೆಗಡಿ ಹಿಡಿಸಿಕೊಂಡಳು. ಎಲ್ಲರೂ ಮತ್ತೆ ನನ್ನ ಹತ್ತಿರವೇ ಬಂದರು, ನಾನು ಮತ್ತೆ ಸರದಿ ಹೇಳಿದೆ, ಬಂದವರಿಗೆ ಕಾಫಿ ಪಾತ್ರೆ ಮತ್ತೆ ಒಲೆ ಏರಿತು. ಆದರೆ ತಂಗಿಯ ಮಗಳು ಮಾತ್ರ, ಮಳೆಯ ಅನುಕೂಲ ಸೇರಿಸಲು ಹೋಗಿ ತಾನೇ ಕೆಡಿಸಿದೆ ಎಂದು ನಂಬಿಕೊಂಡು, ಮೆಟ್ಟಿಲಲ್ಲಿ ಕಂಡವರಿಗೆಲ್ಲ ತಪ್ಪಾಯ್ತು ತಪ್ಪಾಯ್ತು ಎನ್ನುತ್ತಿದ್ದಳು. ಗಂಡ ಪಕ್ಕದಲ್ಲೇ ಇರುತ್ತಿದ್ದ, ಬಾಯಿ ಬಿಡುತ್ತಿರಲಿಲ್ಲ. ಕಂಪ್ಯೂಟರ್ ಮುಟ್ಟುವುದನ್ನೇ ಅವಳು ಬಿಟ್ಟಳು. ಅವನು ನನ್ನ ಬಾಗಿಲಲ್ಲಿ ಬಿದ್ದಿರುತ್ತಿದ್ದ ಚಪ್ಪಲಿಗಳನ್ನು ನೋಡಿ ಒಂದು ದಿನ, "ನಿಮಗೇನು ದೊಡ್ಡತ್ತೆ, ಕರೀದೆ ಬರ್ತಾರೆ" ಎಂದ. ಆ ಮಾತಿನಲ್ಲಿದ್ದದ್ದು ಮೆಚ್ಚುಗೆಯಲ್ಲ. ನನಗೆ ಒಳಗೊಳಗೇ ಹಿತವಾಯಿತು ಎಂದರೆ ಸುಳ್ಳಲ್ಲ.

ಮುಂದೆ ಅವನಿಗೆ ದೂರದ ಊರಿನಲ್ಲಿ ಕೆಲಸ ಸಿಕ್ಕಿತು. ಸಾಮಾನು ಕೆಳಗಿಳಿದ ದಿನ ಹೆಂಡತಿ ವ್ಯಾನಿನ ಹತ್ತಿರ ನಿಂತಿದ್ದಳು. ಅವನು ಕಂಪ್ಯೂಟರಿನ ತಂತಿಗಳ ಚೀಲ ಹಿಡಿದು ನನ್ನ ಬಾಗಿಲಿಗೆ ಬಂದ. ನಾನೇ ಕೇಳಿದೆ:

"ಅಳಿಯಂದ್ರೇ, ಅವಳಿಗೆ ಹೇಳಿದ್ರಾ?"

"ಆವತ್ತು ರಾತ್ರೀನೇ ಬರೆದೆ ದೊಡ್ಡತ್ತೆ. ನಾನೇ ಅಳಿಸಿದೆ, ಹೊಟ್ಟೆಕಿಚ್ಚಿಗೆ ಅಳಿಸಿದೆ, ನಿಂದೇನೂ ತಪ್ಪಿಲ್ಲ ಅಂತ. ನನ್ನ ವೆಬ್‌ಸೈಟಲ್ಲಿ, ಎಲ್ಲಕ್ಕಿಂತ ಮೇಲೇ ಇದೆ."

"ಮತ್ತೆ?"

"ಯಾರೂ ಓದಿಲ್ಲ. ಅವಳೂ ಬಂದಿಲ್ಲ." ಕೆಳಗಿನಿಂದ ವ್ಯಾನಿನವನು ಹಾರ್ನ್ ಹೊಡೆದ. ಅವನು ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ.

"ಒಂದ್ಸಲ ಹೋಗಿ ನೋಡೋಕೆ ಅವಳಿಗೆ ನೀವು ಹೇಳ್ತೀರಾ?" ಎಂದ.