ಒಪೆರಾಕ್ಕೆ ಕೊಟ್ಟ ಅಣ್ಣನ ಏಪ್ರನ್

ರಂಗಮಂದಿರದಲ್ಲಿ ಎಲ್ಲರೂ ಅವಳನ್ನು ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ವೇದಿಕೆಯ ಹಿಂದಿನ ಉಡುಪಿನ ಕೋಣೆಯಲ್ಲಿ ಕೂತು, ಗಾಯಕರ ಹೊಟ್ಟೆ ಬೆಳೆದಂತೆ ಹೊಲಿಗೆ ಬಿಚ್ಚಿ, ಇಳಿದಂತೆ ಹಿಡಿದು ಹೊಲಿದವಳು. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವ ಅಭ್ಯಾಸ.

ಆ ವರ್ಷ ಹೊಸ ಒಪೆರಾ ಬಂತು. ತೊಗಲು ಹದ ಮಾಡುವ ಕಾರ್ಖಾನೆಯ ಕೆಲಸಗಾರನೊಬ್ಬನ ಸಂಸಾರದ ಕಾದಂಬರಿಯನ್ನು ಮೊದಲಿಂದ ಕೊನೆಯವರೆಗೆ ಹಾಡಾಗಿಸಿದ್ದರು. ಸೂಜಿಯಕ್ಕ ಆ ಕಾದಂಬರಿಯನ್ನು ಎರಡು ಸಲ ಓದಿದ್ದಳು. ಅವಳ ಅಣ್ಣ ಮೂವತ್ತೆಂಟು ವರ್ಷ ಅಂಥದೇ ಕಾರ್ಖಾನೆಯ ಸುಣ್ಣದ ತೊಟ್ಟಿಯಲ್ಲಿ ಹಸಿ ತೊಗಲು ತಿರುವಿದವನು. ಕಾದಂಬರಿಯಲ್ಲಿ ಹೆಂಡತಿ ಸಂಜೆ ಗಂಡನ ಕೈ ತೊಳೆದು, ಉಗುರಿನ ಸಂದಿಯನ್ನು ಕಡ್ಡಿಯಿಂದ ಚೊಕ್ಕ ಮಾಡುವ ಪುಟವೊಂದಿತ್ತು. “ಇದನ್ನ ಬರೆದೋರು ನಮ್ಮ ಅತ್ತಿಗೇನ ನೋಡಿರ್ಬೇಕು ಅಣ್ಣಾ,” ಎಂದು ಓದಿ ಹೇಳಿದ್ದಳು.

ಹೀಗಾಗಿ ನಿರ್ದೇಶಕ ನಿಜವಾದ ಏಪ್ರನ್ ಬೇಕೆಂದಾಗ ಹಿಂದುಮುಂದು ನೋಡದೆ ಅಣ್ಣನದನ್ನೇ ತಂದುಕೊಟ್ಟಳು. ಅಣ್ಣ ಅದನ್ನು ಉಜ್ಜಿ, ಒಣಗಿಸಿ, ಮಡಿಸಿ ಕಳಿಸಿದ್ದ. ನಿರ್ದೇಶಕ ಮೂಸಿ ನೋಡಿದ.

“ಏನೂ ವಾಸನೇನೇ ಇಲ್ವಲ್ರೀ! ಹಿಡ್ಕೊಂಡೋರಿಗೆ ವಾಕರಿಕೆ ಬರ್ಬೇಕು.”

ಮೀನು ತೊಳೆದ ನೀರು ತರಿಸಿ ಬಳಿಸಿದ. ತಾಲೀಮು ಮೇಲಿನ ಮಹಡಿಯಲ್ಲಿ. ಸೂಜಿಯಕ್ಕ ಬಾಗಿಲಲ್ಲೇ ಏಪ್ರನ್ ಕೊಟ್ಟು ಇಳಿಯುವವಳು. ಮೆಟ್ಟಿಲನ್ನು ಉಸಿರು ಬಿಗಿಹಿಡಿದೇ ಏರುತ್ತಿದ್ದಳು.

“ಕಲೆ, ಸೂಜಿಯಕ್ಕ, ಕಲೆ!” ಎನ್ನುತ್ತಿದ್ದ ನಿರ್ದೇಶಕ.

“ಕಲೇನೇ ಸರ್. ಯಾವ ಸೋಪಿಗೂ ಹೋಗಲ್ಲ.”

ಮೊದಲ ಪ್ರದರ್ಶನ ಒಂದು ಭಾನುವಾರ ಮಧ್ಯಾಹ್ನ. ಅಣ್ಣ, ಅತ್ತಿಗೆ ಇಬ್ಬರನ್ನೂ ಕರೆಸಿ ಮುಂದಿನ ಸಾಲಿನಲ್ಲೇ ಕೂರಿಸಿದ್ದಳು. ಪರದೆಯ ಸಂದಿಯಿಂದ ನೋಡುತ್ತ ನಿಂತವಳಿಗೆ ಮೈ ಉರಿಯಿತು. ಕೈ ತೊಳೆಯುವ ಪುಟ ಮಾಯವಾಗಿತ್ತು. ಹೆಂಡತಿಯ ಪಾತ್ರದವಳು ಏಪ್ರನ್ನನ್ನು ಎರಡೇ ಬೆರಳಲ್ಲಿ ಎತ್ತಿಹಿಡಿದು, ಗಂಡನ ನಾತವನ್ನು ಏಳು ನಿಮಿಷ ಹಾಡಿ ಹಳಿದು, ಬಕೆಟ್ಟಿಗೆ ಬಗ್ಗಿ ವಾಂತಿ ಮಾಡಿದಳು. ಜನ ನಕ್ಕರು. ಆಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೈತುಂಬ ಅತ್ತರು ಸುರಿದುಕೊಂಡಿದ್ದ ಹೆಂಗಸೊಬ್ಬಳು ಮೂಗಿಗೆ ಕರ್ಚೀಫು ಒತ್ತಿಕೊಂಡಿದ್ದಳು.

ವಿರಾಮದಲ್ಲಿ ಅಣ್ಣ ಮೊಗಸಾಲೆಯ ಗೋಡೆಗೆ ಅಂಟಿಕೊಂಡು, ಯಾರಿಗೂ ತಾಗದಂತೆ ನಿಂತಿದ್ದ.

“ನನ್ನಿಂದ ಅಷ್ಟೊಂದು ನಾತ ಬರ್ತಿತ್ತೇನಮ್ಮಾ?” ಎಂದು ಹತ್ತಿರ ಬಂದ ತಂಗಿಯನ್ನು ಕೇಳಿದ.

ಸೂಜಿಯಕ್ಕ ನೇರ ಒಳಗೆ ಹೋಗಿ ಗೂಟದಿಂದ ಏಪ್ರನ್ ಎಳೆದುಕೊಂಡಳು.

“ಎರಡನೇ ಅಂಕಕ್ಕೆ ಬೇಕು ಅದು!” ಎಂದು ನಿರ್ದೇಶಕ ಅಡ್ಡ ಬಂದ.

ಸೂಜಿಯಕ್ಕ ತುಟಿಯ ಸೂಜಿಗಳನ್ನು ತೆಗೆದಳು. “ಕಾದಂಬರೀಲಿ ಅವಳು ಅವನ ಕೈ ತೊಳೀತಾಳೆ. ಓದಿದೀರಾ?”

“ಓದಿದೀನಮ್ಮಾ. ಅದು ಹಾಡಿಗೆ ಕೂರಲ್ಲ.”

“ಥೂ!” ಎಂದಳು. ಇಪ್ಪತ್ತಾರು ವರ್ಷದಲ್ಲಿ ಅವಳ ಬಾಯಿಂದ ಅಂಥ ಸದ್ದು ಅಲ್ಲಿ ಯಾರೂ ಕೇಳಿರಲಿಲ್ಲ.

ಏಪ್ರನ್ ಹಿಡಿದು ಹೊರಟವಳು ಮತ್ತೆ ಅತ್ತ ತಲೆ ಹಾಕಲಿಲ್ಲ. ಎರಡನೇ ಅಂಕ ಚಹಾದಲ್ಲಿ ಅದ್ದಿದ ಕ್ಯಾನ್ವಾಸ್ ತುಂಡಿನಲ್ಲೇ ನಡೆಯಿತಂತೆ. ಪತ್ರಿಕೆಯೊಂದು ಆ ತುಂಡನ್ನೇ “ಬದುಕಿನ ಹಸಿ ಸತ್ಯ” ಎಂದು ಹೊಗಳಿತು. ಈಗ ಅವಳು ಆಸ್ಪತ್ರೆಯೊಂದರಲ್ಲಿ ಹರಿದ ಹಾಸಿಗೆ ಬಟ್ಟೆ ಹೊಲಿಯುತ್ತಾಳೆ. ಅವುಗಳ ಮೇಲೆ ಕೀವು, ರಕ್ತ ಎಲ್ಲ ನೋಡುತ್ತಾಳೆ. ಆದರೆ ಅವಳಿಗೆ ಹೇಸಿಗೆ ಎನಿಸುವುದು ಆ ಚಪ್ಪಾಳೆ ನೆನಪಾದಾಗ ಮಾತ್ರ.

ಅಣ್ಣನ ಪಾಡು ಇನ್ನೂ ಕೆಟ್ಟದಾಗಿತ್ತು. ಕೆಲಸ ಬಿಟ್ಟು ಆರು ವರ್ಷವಾಗಿದ್ದವನು ದಿನಕ್ಕೆ ಮೂರು ಸಲ ಮೈ ಉಜ್ಜತೊಡಗಿದ. ಮೊಮ್ಮಗಳು ಹತ್ತಿರ ಬಂದರೆ ಕುರ್ಚಿ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಒಂದು ದಿನ ಅವನು ಮತ್ತೆ ಬಚ್ಚಲಿಗೆ ಹೊರಟಾಗ ಅತ್ತಿಗೆ ಬಾಗಿಲಿಗೆ ಅಡ್ಡ ನಿಂತು ಸೋಪು ಕಿತ್ತುಕೊಂಡಳು.

“ನಲವತ್ತು ವರ್ಷ ನಿಮ್ಮ ಪಕ್ಕದಲ್ಲೇ ಮಲಗಿದೀನಿ. ಯಾಕೆ, ನಂಗೇನು ಮೂಗಿಲ್ವಾ? ಸುಮ್ನೆ ಬಂದು ಊಟಕ್ಕೆ ಕೂತ್ಕೊಳ್ಳಿ.”

ಅವನು ಬಂದು ಕೂತ.